ಗಾಳಿಗೆ ಬೆನ್ನು

"ಈ ಸಲಾನೂ ಬಸ್ಸಿಗೆ ಬಂದಿ ಅಂದ್ರ ಕಾರವಾರದ ತರಬೇತಿಗೆ ಯಲ್ಲೇಶನ ಹೆಸರು ಕಳಸ್ತೇನಿ ನೋಡು," ಎನ್ನುತ್ತ ಪ್ರಭುಲಿಂಗಪ್ಪ ಶಾಹೀನ ಕುಳಿತಿದ್ದ ಹಾಯಿದೋಣಿಯನ್ನು ಕೆರೆಗೆ ತಳ್ಳಿದರು. "ಅವ ಕಡೀಕೆ ಟ್ರ್ಯಾಕ್ಟರಿನ್ಯಾಗರೆ ದೋಣಿ ಹೊಳ್ಳಿ ತರ್ತಾನ."

ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದ ಯಲ್ಲೇಶ ಗಾಬರಿಯಾದ. "ನನಗ ಈಜು ಬರೂದಿಲ್ರಿ ಸರ್ರ."

"ಆಕಿಗೆ ಹೊಳ್ಳಿ ಬರಾಕ ಬರೂದಿಲ್ಲ. ಇಬ್ರದೂ ಅಲ್ಲಿಂದಲ್ಲಿಗೆ ಸರಿ ಹೋತು."

ಬ್ಯಾಡಗಿಯ ಶಾಹೀನಳಿಗೆ ದೋಣಿ ನಡೆಸಲು ಬರುತ್ತಿತ್ತು, ಒಂದೇ ಕಡೆಗೆ. ಆಷಾಢದ ಗಾಳಿ ಬೆನ್ನಿಗೆ ಬಿದ್ದರೆ ಸಾಕು, ನೋಡನೋಡುತ್ತಿದ್ದಂತೆ ಆಚೆ ದಂಡೆ ಮುಟ್ಟುತ್ತಿದ್ದಳು. ಮರಳುವುದು ಮಾತ್ರ ಬಸ್ಸಿನಲ್ಲಿ. ಆಚೆ ದಂಡೆಯಿಂದ ಹಾವೇರಿಗೆ ಒಂದು, ಹಾವೇರಿಯಿಂದ ಬ್ಯಾಡಗಿಗೆ ಇನ್ನೊಂದು. ದೋಣಿಯನ್ನು ಯಲ್ಲೇಶ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ತರುತ್ತಿದ್ದ; ಅದರಲ್ಲಿ ದೋಣಿಗೇ ಜಾಗ ಸಾಲದು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟುಕೊಂಡೇ ಕಿಟಕಿಯ ಪಕ್ಕ ಕೂರುತ್ತಿದ್ದಳು. "ಯಾಕ್ರಿ ಅಕ್ಕಾರ, ನಮ್ಮ ಬಸ್ಸು ಮುಳುಗತೈತೇನು?" ಎಂದು ಕಂಡಕ್ಟರು ಮೊದಲ ವಾರ ಕೇಳಿದ್ದ. ಈಗ ಕೇಳುವುದಿಲ್ಲ, ಸೀಟು ಹಿಡಿದಿಟ್ಟಿರುತ್ತಾನೆ.

ರಾಣೆಬೆನ್ನೂರಿನ ಪ್ರಭುಲಿಂಗಪ್ಪ ನೌಕಾಪಡೆಯಲ್ಲಿದ್ದು ಬಂದವರು, ರವಿವಾರ ಕೆರೆಯಲ್ಲಿ ಹಾಯಿದೋಣಿ ನಡೆಸಲು ಕಲಿಸುತ್ತಿದ್ದರು. ಪಾಠದಲ್ಲಿ ಅವರದೇನೂ ತಪ್ಪಿರಲಿಲ್ಲ. ಗಾಳಿಗೆ ಎದುರಾಗಿ ನೇರ ಬರಲಾಗದು; ಹಾವು ಹರಿದಂತೆ ಅಡ್ಡಡ್ಡ ಬರಬೇಕು; ಪ್ರತಿ ತಿರುವಿನಲ್ಲೂ ದೋಣಿಯ ಮೂತಿ ಗಾಳಿಯನ್ನು ಸೀಳಿಕೊಂಡು ಆಚೆ ಹೊರಳಬೇಕು. ಶಾಹೀನಳಿಗೆ ಇದೆಲ್ಲ ಬಾಯಿಪಾಠ. ಕಾರವಾರಕ್ಕೆ ಹೋದವರಿಗೆ ಸಮುದ್ರದ ದಂಡೆಯಲ್ಲೇ ಕೆಲಸ ಸಿಗುತ್ತದೆ, ಮತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂರಬೇಕಿಲ್ಲ ಎಂಬುದೂ ಬಾಯಿಪಾಠವೇ.

ಆಚೆ ದಂಡೆಯಲ್ಲಿ ಗುತ್ತೆವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಮನೆ ನೀರಿನ ಅಂಚಿಗೇ ಇತ್ತು. ರವಿವಾರ ಗಾಳಿ ಎದ್ದರೆ ಎರಡು ರೊಟ್ಟಿ ಹೆಚ್ಚಿಗೆ ಬಡಿಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

"ಬಂದ್ಯಾ ಯವ್ವಾ? ಬಸ್ಸಿಗೆ ಇನ್ನೂ ಹೊತ್ತೈತಿ. ಇಳಿ, ಉಣ್ಣು."

"ಇವತ್ತ ಇಳಿಯೂದಿಲ್ಲ ಆಯಿ. ಇಲ್ಲಿಂದನ ತಿರುಗತೇನಿ."

"ಹೋದ ವಾರನೂ ಹಂಗ ಅಂದಿದ್ದಿ. ಹಾಗಲಕಾಯಿ ಪಲ್ಯ ಇತ್ತಲ್ಲ, ಅದಕ್ಕ ಅಂದಿ ಅನ್ಕೊಂಡಿದ್ದೆ. ಇವತ್ತ ಬದನಿಕಾಯಿ ಐತಿ."

ಶಾಹೀನ ದೋಣಿ ಹೊರಳಿಸಿದಳು. ಮೂತಿ ಗಾಳಿಯತ್ತ ತಿರುಗಿತು, ಹಾಯಿ ಪಟಪಟನೆ ಬಡಿದುಕೊಂಡಿತು. ಇನ್ನೇನು ದಾಟಿತು ಎನ್ನುವಾಗ ದೋಣಿ ತಡವರಿಸಿ, ಹಿಂದೆ ಸರಿದು, ಗುತ್ತೆವ್ವನ ಬಾಗಿಲಿಗೇ ಮುಖ ಮಾಡಿ ನಿಂತಿತು. ಇನ್ನೊಮ್ಮೆ ಹೊರಳಿಸಿದಳು. ಮತ್ತೆ ಗುತ್ತೆವ್ವನ ಬಾಗಿಲು.

"ಅಲ್ಲಬೇ," ಗುತ್ತೆವ್ವ ನಗು ತಡೆಯಲಾಗದೆ ಕೂಗಿದಳು, "ನಡು ನೀರಾಗ ಯಾರು ಖಾರ ಕುಟ್ಟಾಕತ್ತಾರ? ಗಾಳಿ ಬಂತಂದ್ರ ಮಾರಿ ಮುಚ್ಚಿಕೊಳ್ತಿ!"

ಶಾಹೀನ ತನ್ನ ಕೈ ನೋಡಿಕೊಂಡಳು. ಚುಕ್ಕಾಣಿ ಹಿಡಿಯಬೇಕಾದ ಕೈ ಓಢಣಿಯನ್ನು ಮೂಗಿನ ಮೇಲೆ ಒತ್ತಿ ಹಿಡಿದಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹರವಿದ ಕಣದಲ್ಲಿ ಬೆಳೆದ ಕೈ ಅದು. ಅಲ್ಲಿ ಗಾಳಿ ಬೀಸಿತೆಂದರೆ ಬೆನ್ನು ಕೊಡಬೇಕು, ಕಣ್ಣು ಮುಚ್ಚಬೇಕು, ಮೂಗಿಗೆ ಬಟ್ಟೆ ಹಿಡಿಯಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಒಮ್ಮೆ ಎದುರು ನಿಂತವರು ಮತ್ತೊಮ್ಮೆ ನಿಲ್ಲುವುದಿಲ್ಲ. ಇಲ್ಲಿ ಕಣ್ಣು ಹಾಯುವವರೆಗೂ ಒಂದು ಮೆಣಸಿನಕಾಯಿ ಇರಲಿಲ್ಲ. ಕೈ ಮಾತ್ರ ಇಷ್ಟು ವಾರ ಕಾವಲು ಕಾಯುತ್ತಲೇ ಇತ್ತು.

ಓಢಣಿಯ ಎರಡೂ ತುದಿಗಳನ್ನು ಲೈಫ್ ಜಾಕೆಟ್ಟಿನೊಳಗೆ ತುರುಕಿ ಪಟ್ಟಿ ಬಿಗಿದಳು. ದೋಣಿ ಹೊರಳಿತು. ಕೈ ಅಭ್ಯಾಸಬಲದಿಂದ ಮೇಲೆದ್ದಿತು, ಹಿಡಿಯಲು ಏನೂ ಸಿಗದೆ ಪೆಚ್ಚಾಗಿ ಚುಕ್ಕಾಣಿಗೆ ಮರಳಿತು. ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಬಲವಂತವಾಗಿ ತೆರೆದಳು. ಗಾಳಿ ನೆಟ್ಟಗೆ ಮುಖಕ್ಕೆ ಹೊಡೆಯಿತು. ಪಾಚಿಯ ವಾಸನೆ, ಮೀನಿನ ವಾಸನೆ, ಅಷ್ಟೇ. ಕಣ್ಣಲ್ಲಿ ನೀರು ಬಂತು. ಉರಿಯಲಿಲ್ಲ. ಬರಲಿ ಎಂದು ಬಿಟ್ಟಳು. ಹಾಯಿ ಧಪ್ಪನೆ ಇನ್ನೊಂದು ಮಗ್ಗುಲಿಗೆ ಬಿದ್ದು ಉಬ್ಬಿತು. ಗುತ್ತೆವ್ವನ ಬಾಗಿಲು ಮೊದಲ ಬಾರಿಗೆ ಹಿಂದೆ ಉಳಿಯಿತು.

ಅಡ್ಡಡ್ಡ ಹಾಯುತ್ತ ಈಚೆ ದಂಡೆ ಮುಟ್ಟಿದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೆಸರಲ್ಲಿ ಟ್ರ್ಯಾಕ್ಟರಿನ ಗಾಲಿಯ ಗುರುತು, ನೀರಿಗೆ ಮುಖ ಮಾಡಿದ ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿ. ಕೊರಳಿನ ಚೀಲದಲ್ಲಿದ್ದ ಫೋನು ಹೊಡೆದುಕೊಂಡಿತು.

"ಎಲ್ಲದೀ?" ಪ್ರಭುಲಿಂಗಪ್ಪ ಕಿರುಚಿದರು. "ಸುತ್ತ ಹಾಕ್ಕೊಂಡು ದೋಣಿ ಒಯ್ಯಾಕ ಬಂದ್ರ ಇಲ್ಲಿ ದೋಣಿನ ಇಲ್ಲ!"

"ಈಚಿ ದಂಡ್ಯಾಗ ಅದೀನ್ರಿ ಸರ್ರ. ನಿಮ್ಮ ಕುರ್ಚಿ ಮಗ್ಗಲ."

"ಬಸ್ಸು ಇನ್ನೂ ಬಂದ ಇಲ್ಲ. ಯಾರ ಗಾಡಿ ಹತ್ತಿದಿ?"

"ದೋಣಿ ಮ್ಯಾಲ ಬಂದ್ನ್ರಿ."

"ಖರೇನ ಹೋದ್ಲ್ರಿ ಸಾಹೇಬ್ರ," ಹಿಂದಿನಿಂದ ಗುತ್ತೆವ್ವನ ದನಿ, "ಬದನಿಕಾಯಿ ಪಲ್ಯ ಬಿಟ್ಟು ಹೋದ್ಲು!"

"ನಾ ಕಣ್ಣಿಲೆ ನೋಡದ ಹೆಸರು ಹೆಂಗ ಕಳಸಲಿ?"

ಶಾಹೀನ ದೋಣಿಯನ್ನು ಮತ್ತೆ ನೀರಿಗೆ ನೂಕಿದಳು.

"ಅಲ್ಲೇ ನಿಂದರ್ರಿ ಸರ್ರ. ಯಲ್ಲೇಶಣ್ಣಗ ಟ್ರ್ಯಾಕ್ಟರ್ ಖಾಲಿನ ಹೊಡಕೊಂಡು ಬಾ ಅಂತ ಹೇಳ್ರಿ. ನಿಮ್ಮನ್ನ ನಾನ ಕರಕೊಂಡು ಬರ್ತೇನಿ. ಬರೂಮುಂದ ಕಣ್ಣಾಗ ನೀರು ಬರ್ತೈತಿ, ಏನೂ ಆಗೂದಿಲ್ಲ. ಮಾರಿ ಮಾತ್ರ ತಿರುಗಿಸಬ್ಯಾಡ್ರಿ."