ಗೋಡೆಯ ಹಿಂದಿನ ಪೆಟ್ಟಿಗೆ

"ಇದಕ್ಕೆ ಬೆಲೆಯೇ ಇಲ್ಲಮ್ಮ. ಬರೀ ಗುಜರಿ. ಹೋಗ್ತಾ ನಾನೇ ಎಸೆದುಬಿಡ್ತೀನಿ."

ರಿಮಾಂತಸ್ ಬೂದುಬಣ್ಣದ ಪೆಟ್ಟಿಗೆಯ ಮುಚ್ಚಳವನ್ನು ಥಟ್ಟನೆ ಮುಚ್ಚಿದ. ಮುದುಕಿ ನಿಯೋಲೆ ಅವನ ಮುಖವನ್ನೇ ನೋಡಿದಳು. ಬೆಳಗಿನಿಂದ ಬೇರೆ ಯಾವುದಕ್ಕೂ ಅವನು ಹೀಗೆ ಅವಸರಪಟ್ಟಿರಲಿಲ್ಲ.

ಹಳೆಯ ಅಳತೆ ಯಂತ್ರಗಳನ್ನು ಗುರುತಿಸಿ ಬೆಲೆ ಕಟ್ಟುವುದರಲ್ಲಿ ವಿಲ್ನ್ಯುಸ್ ನಗರಕ್ಕೆಲ್ಲ ಅವನದೇ ಹೆಸರು. ರೇಡಿಯೊ ರಿಪೇರಿ ಮಾಡುತ್ತಿದ್ದ ತನ್ನ ಅಪ್ಪ ಬಿಟ್ಟುಹೋದ ಸಾಮಾನು ತೋರಿಸಲೆಂದು ಆಕೆಯೇ ಅವನನ್ನು ಈ ನೆಲಮಾಳಿಗೆಗೆ ಕರೆಸಿದ್ದಳು. ಆಸಿಲೊಸ್ಕೋಪಿಗೆ ಕರೆಂಟು ಕೊಟ್ಟಾಗ ಅದರ ಪುಟ್ಟ ಪರದೆಯಲ್ಲಿ ಹಸಿರು ಗೆರೆಯೊಂದು ನಡುಗುತ್ತ ಮೂಡಿ ನಿಂತಿತ್ತು.

"ಒಳಗಿನ ಭಾಗಗಳಲ್ಲಿರೋ ಚಿನ್ನಕ್ಕಾಗಿ ಒಡೆಯೋರಿಗೆ ಇದನ್ನ ಕೊಡಬೇಡಿ. ಇನ್ನೂ ಜೀವ ಇದೆ," ಎಂದಿದ್ದ. ವೋಲ್ಟ್‌ಮೀಟರನ್ನು ತಿರುಗಿಸಿ ನೋಡಿ, "ಗಾಜು ಬದಲಾಯಿಸಿದ್ದಾರೆ. ಅರ್ಧ ಬೆಲೆ," ಎಂದಿದ್ದ.

"ನನ್ನ ಮಂಡೀನೂ ಬದಲಾಯಿಸಿದ್ದಾರಪ್ಪ. ನನಗೂ ಅರ್ಧ ಬೆಲೇನಾ?"

ಆಗ ಇಬ್ಬರೂ ನಕ್ಕಿದ್ದರು. ಆಮೇಲೆ ಆಕೆ ಈ ಪೆಟ್ಟಿಗೆಯನ್ನು ಮುಂದಿಟ್ಟಳು.

ಅದರ ಮೇಲೆ ತಯಾರಕರ ಹೆಸರಿರಲಿಲ್ಲ. ಒಳಗೆ ತಂತಿಗಳನ್ನು ಮೇಣ ಸವರಿದ ದಾರದಿಂದ ಸಾಲಾಗಿ ಕಟ್ಟಿತ್ತು. ಪ್ರತಿ ಗಂಟಿನ ತುದಿಯನ್ನೂ ಒಳಕ್ಕೆ ಮಡಿಸಿತ್ತು. ಇಂಥ ಕೆಲಸವೂ ಕೈಬರಹದ ಹಾಗೇ, ಬಲ್ಲವರಿಗೆ ಯಾರದೆಂದು ಗುರುತು ಸಿಕ್ಕಿಬಿಡುತ್ತದೆ. ರಿಮಾಂತಸ್ ಮುಚ್ಚಳ ಮುಚ್ಚಿದ್ದು ಆಗಲೇ.

"ಸುಳ್ಳು ಹೇಳ್ಬೇಡಿ," ಎಂದಳು ನಿಯೋಲೆ. "ಟೆಲಿಫೋನ್ ಮಾತು ಕದ್ದು ಕೇಳೋ ಪೆಟ್ಟಿಗೆ ತಾನೇ ಇದು?"

ಅವನು ತಲೆ ತಗ್ಗಿಸಿದ.

"ಇಲ್ಲಿನ ಕಪಾಟು ಕೀಳಿಸಿದಾಗ ಗೋಡೆ ಹಲಗೆ ಹಿಂದೆ ಸಿಕ್ತು. ನಮ್ಮಣ್ಣ ಲೈಮಿಸ್ ಫೋನಲ್ಲಿ ಏನೋ ಆಗಿನ ಸರ್ಕಾರಾನ ಬೈದ. ಎಳ್ಕೊಂಡು ಹೋದ್ರು. ಕೈದಿಗಳ ಶಿಬಿರದಿಂದ ಅವನ ಹೆಣಾನೂ ಬರಲಿಲ್ಲ. ಈ ಕಟ್ಟಡದಲ್ಲಿ ಇಂಥ ಕೆಲಸ ಬಲ್ಲೋರು ನಮ್ಮಪ್ಪ ಒಬ್ರೇ. ಈ ಕೋಣೇನೂ ನಮ್ದೇ."

"ಯಾರು ಯಾರೋ ಬಂದು ಹೋಗೋ ಜಾಗ ಅಮ್ಮಾ ಇದು. ಹೇಗೆ ಹೇಳೋದು..."

"ನಿಮ್ಮಷ್ಟು ಬಲ್ಲೋರಿಗೂ ಆಗಲ್ವಾ?"

ರಿಮಾಂತಸನಿಗೆ ಎದ್ದು ಹೋಗಿಬಿಡಬೇಕೆನಿಸಿತು. ಹೇಳಿದರೆ ಒಂದು ಮನೆ ಮುರಿಯುತ್ತಿತ್ತು. ಹೇಳದಿದ್ದರೂ ಒಂದು ಮನೆ ಮುರಿಯುತ್ತಿತ್ತು.

"ಅಣ್ಣ ಹೋದ ಮೇಲೆ ಅಪ್ಪ ಊಟದ ಮೇಜಲ್ಲಿ ಅವನ ಕುರ್ಚಿ ಯಾರಿಗೂ ಕೊಡಲಿಲ್ಲ," ಎಂದಳು ಆಕೆ. "ಅದೆಲ್ಲ ನಾಟಕಾನಾ? ನಾಳೆ ಸತ್ತವರ ದಿನ. ಊರಿಗೆ ಊರೇ ಗೋರಿಗಳಿಗೆ ದೀಪ ಹಚ್ಚತ್ತೆ. ಮಗನ್ನೇ ಹಿಡಿದುಕೊಟ್ಟೋರಿಗೆ ನಾನು ಹೇಗೆ ಹಚ್ಚಲಿ? ನನಗೆ ಬೆಲೆ ಬೇಡಪ್ಪ. ಹಚ್ಚಲೋ ಬೇಡವೋ, ಅಷ್ಟು ಹೇಳಿ ಹೋಗಿ."

ರಿಮಾಂತಸ್ ಮತ್ತೆ ಮುಚ್ಚಳ ತೆರೆದ. ಆ ಗಂಟುಗಳ ಮೇಲೆ ಹೆಬ್ಬೆರಳಾಡಿಸಿದ.

"ಹಚ್ಚಿ ಅಮ್ಮಾ," ಎಂದ ಕೊನೆಗೆ. "ಇದನ್ನ ಕಟ್ಟಿದ್ದು ನಮ್ಮಪ್ಪ. ಬೆಳಿಗ್ಗೆ ಆ ಕೈಗೆ ಚಮಚ ಹಿಡಿಸಿ, ಗಂಜಿ ಕುಡಿಸಿ ಬಂದೆ."