ಅಜ್ಜದೇವರ ಸಿನಿಮಾ

ಇದು ನಿಜವಾಗಿ ನಡೆದದ್ದು. ಅನುಮಾನವಿದ್ದರೆ ದೇವರನ್ನೇ ಕೇಳಿ; ಆ ಸಂಜೆ ಟಿಕೆಟ್ಟಿಲ್ಲದೆ ಸಿನಿಮಾ ನೋಡಿದವನು ಅವನೇ.

ಕೊರಾಟ್ ಪಟ್ಟಣದ ಅಜ್ಜದೇವರ ಗುಡಿಯೆದುರು ಸಮ್ರುವಾಯ್ ಖಾಲಿ ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದ. ಮಗಳು ನರ್ಸ್ ಪರೀಕ್ಷೆ ಪಾಸಾದಳೆಂದು ಮೀನು ಮಾರುವವಳೊಬ್ಬಳು ಹರಕೆ ತೀರಿಸಲು ದೇವರೊಬ್ಬನೇ ನೋಡಲೆಂದು ಹೊಡೆದಾಟದ ಚಿತ್ರವೊಂದನ್ನು ಹಾಕಲು ಹಣ ಕೊಟ್ಟು ಹೋಗಿದ್ದಳು. ಕೂದಲು ಕಪ್ಪಗಿದ್ದ ಕಾಲದಿಂದಲೂ ಇಂಥ ಚಿತ್ರಗಳಿಗೆ ಪರದೆಯ ಪಕ್ಕ ಕೂತು ನಾಯಕ, ನಾಯಕಿ, ಖಳ, ಕುದುರೆ ಎಲ್ಲರ ದನಿಯನ್ನೂ ಕೊಟ್ಟವನು ಸಮ್ರುವಾಯ್. ಈಚೆಗೆ ಹೊಸ ಪ್ರೊಜೆಕ್ಟರ್ ಬಂದು ಚಿತ್ರಗಳು ತಾವೇ ಮಾತಾಡತೊಡಗಿದವು. ಮಾಲಕಿ ಕಿಮ್‌ಲಾನ್ ಅವನಿಗೆ ಕುರ್ಚಿ ಕೊಟ್ಟಳು. ಕೂರುವುದಕ್ಕಲ್ಲ, ಹೊರುವುದಕ್ಕೆ. ಮಳೆಗಾಲ ಕಳೆದ ಮೇಲೆ ಆ ಕೆಲಸವೂ ಇರುವುದಿಲ್ಲ ಎಂದಿದ್ದಳು.

ಕುರ್ಚಿ ಇಟ್ಟಾದ ಮೇಲೆ ಅವನು ತನ್ನ ಹಳೆಯ ಮೈಕಿನ ಮುಂದೆ ಊದುಬತ್ತಿ ಹಚ್ಚಿ ಕೈಮುಗಿದ.

"ಏನ್ ದೊಡ್ಡಪ್ಪ, ಕೆಲಸ ಹೋಗಿದ್ದಕ್ಕೆ ಪೂಜೆನಾ?" ಪ್ರೊಜೆಕ್ಟರ್ ನಡೆಸುವ ಥೋಂಗ್ ಕೆಣಕಿದ.

"ಇಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಕಣೋ. ಕೆಲಸ ಕಿತ್ಕೊಂಡಿದ್ದು ಮೈಕಲ್ವಲ್ಲ."

ಥೋಂಗ್‌ಗೆ ಏನನ್ನಿಸಿತೋ, ಯಂತ್ರದ ಸದ್ದನ್ನು ಪೂರ್ತಿ ಆರಿಸಿದ. "ಕಿಮ್‌ಲಾನಕ್ಕ ಸಂತೆಗೆ ಹೋಗಿದಾರೆ, ಬರೋದು ತಡ. ಇವತ್ತೊಂದಿನ ನೀನೇ ಮಾತಾಡು."

"ಅಜ್ಜ ಬೇಜಾರು ಮಾಡ್ಕೊಂಡ್ರೆ?"

"ಯಂತ್ರ ಬಂದಾಗ್ಲೇ ಮಾಡ್ಕೊಂಡಿರ್ತಾನೆ."

ಸಮ್ರುವಾಯ್ ಮೈಕ್ ಕೈಗೆತ್ತಿಕೊಂಡ. ಪರದೆಯ ಮೇಲೆ ಕಳ್ಳರ ಗುಂಪಿನ ನಾಯಕಿ ಪಿಸ್ತೂಲು ಝಳಪಿಸುತ್ತಾ ಬಂದಳು. ಬಾಯಿ ತೆರೆದದ್ದು ಅವಳು. ಸ್ಪೀಕರಿನಿಂದ ಬಂದದ್ದು ಸಾಕ್ಷಾತ್ ಕಿಮ್‌ಲಾನಳ ದನಿ, ಮೂಗಿನಿಂದ ಹೊರಡುವ ಆ ಎಳೆತದ ಸಮೇತ.

"ಲೋ, ಹಗಲೊತ್ತಲ್ಲಿ ಲೈಟ್ ಯಾಕ್ರೋ ಉರಿಸ್ತೀರಾ? ಕರೆಂಟ್ ಬಿಲ್ ನಿಮ್ಮತ್ತೆ ಕಟ್ತಾಳಾ?"

ಎದೆಗೆ ಗುಂಡು ಬಿದ್ದ ಕಳ್ಳನೊಬ್ಬ ಕುಸಿಯುತ್ತಾ ಕೈಯೆತ್ತಿದ. "ಅಕ್ಕ, ನಂಗೆ ಒಂದಿನ ರಜ ಬೇಕಿತ್ತು."

"ಅರ್ಧ ದಿನ ತಗೋ. ಸಾಯೋಕೆ ಅಷ್ಟ್ ಸಾಕು."

ಹಿಂದಿನಿಂದ ಬುಟ್ಟಿ ಬಿದ್ದ ಸದ್ದು. ದೇವರಿಗೆಂದು ತಂದ ಬಾಳೆಹಣ್ಣು ನೆಲದ ಮೇಲೆ, ಅದರ ಪಕ್ಕದಲ್ಲಿ ನಿಂತ ಕಿಮ್‌ಲಾನ್. ಥೋಂಗ್ ಪ್ರೊಜೆಕ್ಟರಿನ ಹಿಂದೆ ಅಡಗಿದ. ಸಮ್ರುವಾಯ್ ಮೈಕನ್ನು ಕೆಳಗಿಟ್ಟು, ಇವತ್ತಿಗೆ ಕುರ್ಚಿಯೂ ಹೋಯಿತು ಎಂದುಕೊಂಡ.

ಕಿಮ್‌ಲಾನ್ ನೇರ ಬಂದು ಮೈಕ್ ಎತ್ತಿಕೊಂಡಳು.

"ನಾನು ಯಾವತ್ತು ಕಣೋ ಅರ್ಧ ದಿನ ರಜ ಕೊಟ್ಟಿದ್ದು?" ಎಂದವಳು ನಗು ತಡೆಯಲು ತುಟಿ ಕಚ್ಚಿದಳು. "ಈ ಯಂತ್ರ ಬಂದ್ಮೇಲೆ ಇಲ್ಲಿ ಒಬ್ರೂ ನಕ್ಕಿಲ್ಲ ಕಣೋ ಸಮ್ರುವಾಯ್. ನಾಳೆಯಿಂದ ಅದು ಬರೀ ಚಿತ್ರ ತೋರಿಸ್ಲಿ. ಮಾತು ನಿಂದು, ಮಳೆಗಾಲ ಕಳೆದ್ಮೇಲೂ. ಕುರ್ಚಿ ಥೋಂಗ್ ಹೊರ್ತಾನೆ. ಆದ್ರೆ ನನ್ ಮೂಗು ಅಷ್ಟು..."

ಮೈಕ್ ಹಿಡಿದೇ ನಗತೊಡಗಿದ ಅವಳಿಗೆ ಮುಂದಿನದನ್ನು ಹೇಳಲಾಗಲಿಲ್ಲ. ಪರದೆಯ ಮೇಲೆ ನಾಯಕಿ ಮೈತುಂಬ ಗುಂಡು ತಿಂದು ಮೆಟ್ಟಿಲಿನಿಂದ ಉರುಳುತ್ತಿದ್ದಳು; ಸ್ಪೀಕರಿನಲ್ಲಿ ಮಾತ್ರ, ಸಂತೆಯವರೆಗೂ ಕೇಳುವಂತೆ, ಅವಳು ನಗುತ್ತಲೇ ಇದ್ದಳು.