ಹೀಲಿಯಂ ಜೋಡಿಗಳು

ಮೊದಲನೇ ನೀರಿಗೇ ಅದು ಪುಡಿಯಾಯಿತು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಬಂದ ಕಾಫಿಬೀಜವನ್ನು ಲೋಳೆ ಬಿಡುವವರೆಗೂ ನಾಲ್ಕು ನೀರಲ್ಲಿ ತೊಳೆದೇ ಒಣಗಲು ಹಾಕುವ ಯಮುನ, ಬೋಗುಣಿಯೊಳಗೆ ಕೈ ಇಟ್ಟುಕೊಂಡು ಹಾಗೇ ನಿಂತುಬಿಟ್ಟಳು. ಈಗಷ್ಟೇ ಹೊಗೆಯ ಉಂಡೆಯ ಹಾಗಿದ್ದದ್ದು ಬೆರಳ ಸಂದಿಯಲ್ಲಿ ಬರೀ ಸುಣ್ಣದಂಥ ಚೂರು.

ಅದು ಅಕ್ಕನ ಮಗಳು ಮೋನಿಷಾ ತನ್ನ ಪ್ರಯೋಗಕ್ಕೆಂದು ಮಾಡಿ ಡಬ್ಬಿಯಲ್ಲಿ ತಂದಿದ್ದ, ಗಾಳಿಯಷ್ಟೇ ಹಗುರದ ತುಂಡು. ಸೋಮವಾರ ಲ್ಯಾಬಿನಲ್ಲಿ ಅದರೊಳಗೆ ಹೀಲಿಯಂ ತುಂಬಿಸಿ, ಊಹೆಗೂ ಸಿಗದಷ್ಟು ತಣ್ಣಗೆ ಮಾಡಬೇಕು. ಹಾಗೆ ತಣ್ಣಗೆ ಮಾಡುವ ಯಂತ್ರದ ಸರದಿಗೆ ಹುಡುಗಿ ಎಂಟು ತಿಂಗಳು ಕಾದಿದ್ದಳು. ಚಿಕ್ಕಮ್ಮನ ಕೈಯಡುಗೆ ತಿಂದು ಎಷ್ಟು ದಿನವಾಯಿತೆಂದು ನಾಪೋಕ್ಲಿನ ಈ ಮನೆಯಲ್ಲಿ ಎರಡು ದಿನ ಉಳಿದದ್ದೇ ತಪ್ಪಾಯಿತು.

"ಚಿಕ್ಕಮ್ಮಾ, ಡಬ್ಬಿ ಯಾಕೆ ಖಾಲಿ?"

"ತೊಳೆದೆ ಮಾರಾಯ್ತಿ. ನೀನೇ ಹೇಳಿದ್ದಲ್ವ ನಿನ್ನೆ ಊಟಕ್ಕೆ ಕೂತಾಗ? ಅಷ್ಟು ತಣ್ಣಗಾದ್ರೆ ಹೀಲಿಯಂ ಕಣಗಳು ಜೋಡಿಜೋಡಿಯಾಗಿ ಎಲ್ಲೂ ತಡೆಯಿಲ್ಲದೆ ಹರೀತಾವೆ, ಗೋಡೆಗೆ ತಾಗಿದ್ರೆ, ಕೊಳೆ ಅಡ್ಡ ಬಂದ್ರೆ ಜೋಡಿ ಒಡೆದುಹೋಗ್ತದೆ ಅಂತ. ಪಾಪ ಅನ್ನಿಸ್ತು. ಗೋಡೆಗೆ ನಾನೇನೂ ಮಾಡೋಕಾಗಲ್ಲ, ಕೊಳೆಯಾದ್ರೂ ತೆಗೆಯೋಣ ಅಂತ..."

ಮೋನಿಷಾ ಒರಳುಕಲ್ಲಿನ ಮೇಲೆ ಕೂತಳು. "ಆ ತುಂಡೇ ಕೊಳೆ, ಚಿಕ್ಕಮ್ಮ! ಹೀಲಿಯಮ್ಮಿನಷ್ಟು ಶುದ್ಧ ಬೇರೊಂದಿಲ್ಲ. ಆ ಚಳಿಗೆ ಮಿಕ್ಕಿದ್ದೆಲ್ಲ ಹೆಪ್ಪುಗಟ್ಟಿ ಬದಿಗೆ ಅಂಟಿಬಿಡ್ತದೆ. ಕೊಳೆ ಬೇಕು ಅಂದ್ರೆ ನಾವೇ ಹಾಕ್ಬೇಕು. ಅದು ಹೀರೆಕಾಯಿ ನಾರಿನ ಹಾಗೆ, ನಾಲ್ಕು ಎಳೆ, ಉಳಿದದ್ದೆಲ್ಲ ಖಾಲಿ. ಆ ಎಳೆಗೆ ಡಿಕ್ಕಿ ಹೊಡೆದೂ ಎಷ್ಟು ಜೋಡಿ ಉಳೀತಾವೆ ಅಂತ ನೋಡೋದೇ ನನ್ನ ಕೆಲಸ. ಇನ್ನೊಂದು ತುಂಡು ಮಾಡ್ಲಿಕ್ಕೆ ಮೂರು ತಿಂಗಳು ಬೇಕು."

ತೋಟದಿಂದ ಬಂದ ಚಿಕ್ಕಪ್ಪ ದೇರಪ್ಪ, ಮಾತು ಕೇಳಿಸಿಕೊಳ್ಳುತ್ತ ಕೆಸರು ಬೂಟಿನಲ್ಲೇ ಒಳಬಂದು ಬೋಗುಣಿಯೊಳಗೆ ಇಣುಕಿದ. "ಕೊಳೆಯನ್ನ ಡಬ್ಬಿಯಲ್ಲಿ ಜೋಪಾನವಾಗಿ ತಂದವಳು ಒಬ್ಬಳು, ಅದನ್ನ ತೊಳೆದವಳು ಇನ್ನೊಬ್ಬಳು. ಈಗ ನಾನು ಯಾರಿಗೆ ಬೈಲಿ?"

"ಬೂಟು!" ಎಂದಳು ಯಮುನ.

ದೇರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಆ ಹೆಜ್ಜೆಯೂ ಒರೆಸಿದ ನೆಲದ ಮೇಲೇ ಬಿತ್ತು.

ಹುಡುಗಿಯ ಕಣ್ಣು ತುಂಬಿದ್ದನ್ನು ನೋಡಿದ ಯಮುನ ಸರಸರ ಬಚ್ಚಲಿಗೆ ಹೋದಳು. ಬರುವಾಗ ಕೈಯಲ್ಲಿ ಬೆನ್ನುಜ್ಜುವ ಹೀರೆಕಾಯಿ ನಾರು. ಅದನ್ನು ಡಬ್ಬಿಯ ಬಿಳಿ ಹತ್ತಿಯ ಮೇಲೆ ಮೆತ್ತಗೆ ಮಲಗಿಸಿ ಮುಚ್ಚಳ ಒತ್ತಿದಳು.

"ಇದನ್ನೇ ಹಾಕು ಮಗಳೇ. ಎಳೆ ಉಂಟು, ತೂತು ಉಂಟು, ಕೊಳೆ ಬೇಕಾದಷ್ಟುಂಟು. ನಾವಿಬ್ಬರೂ ಬೆನ್ನುಜ್ಜಿಕೊಳ್ಳೋದು ಇದರಲ್ಲೇ." ಗಂಡನ ಬೂಟನ್ನು ಇನ್ನೊಮ್ಮೆ ನೋಡಿದಳು. "ಜೋಡಿ ಇನ್ನೂ ಒಡೆದಿಲ್ಲ."